ಹಾಲು ಸಾಲ್ತಿಲ್ಲ ಅಂದೋರು ಯಾರು?

ಬಾಣಂತಿಯನ್ನು ನೋಡೋಕೆ ಬಂದವರು ಮೊದಲು ಮಗು ಯಾರ ಹಾಗಿದೆ ಅಂತ ತೀರ್ಮಾನ ಮಾಡುತ್ತಾರೆ. ಆಮೇಲೆ ಬಣ್ಣದ ವಿಚಾರ. ಅದಾದ ಮೇಲೆ ತಾಯಿಯ ಕಡೆ ತಿರುಗಿ, "ಹಾಲು ಬರ್ತಿದೆಯಾ? ಸಾಕಾಗುತ್ತಾ?" ಸರಿಯಾಗಿ ಆ ಹೊತ್ತಿಗೇ ಮಗು ಅತ್ತರೆ ಮುಗಿಯಿತು. ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. "ಪಾಪ, ಹಾಲು ಸಾಲ್ತಿಲ್ಲ ಕಣೇ. ಅದಕ್ಕೇ ಹಿಂಗೆ ಅಳುತ್ತೆ."

ನಮ್ಮದು ದೊಡ್ಡ ಬಳಗ. ಅರ್ಧ ಜನ ತಿಪಟೂರು, ಅರಸೀಕೆರೆ ಸುತ್ತಮುತ್ತ, ಇನ್ನರ್ಧ ಬೆಂಗಳೂರಲ್ಲಿ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಎರಡು ಮಕ್ಕಳಿಗೆ ಹಾಲು ಕುಡಿಸಿದ್ದೇನೆ, ಕೈಗೆ ಸಿಕ್ಕಿದ್ದೆಲ್ಲ ಓದಿದ್ದೇನೆ, ಮಕ್ಕಳ ಡಾಕ್ಟರ ತಲೆ ತಿಂದು ಕೇಳಿ ತಿಳಿದುಕೊಂಡಿದ್ದೇನೆ. ಅಷ್ಟಕ್ಕೇ ಬಳಗದಲ್ಲಿ ಯಾರಿಗೆ ಹೆರಿಗೆಯಾದರೂ ನನಗೊಂದು ಫೋನ್ ಬರುತ್ತದೆ. ಸಾಮಾನ್ಯವಾಗಿ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಪಿಸುದನಿಯಲ್ಲಿ. "ಅಕ್ಕಾ, ಹಾಲು ಸಾಲ್ತಿಲ್ಲ ಅಂತಿದಾರೆ."

ಯಾರು ಅಂತಿದಾರೆ ಅಂತ ನಾನು ಮೊದಲು ಕೇಳುತ್ತೇನೆ. ಏನು ನೋಡಿ ಅಂದರು? ತೂಕ ನೋಡಿದ್ರಾ? ಮಗು ಎಷ್ಟು ಸಲ ಉಚ್ಚೆ ಮಾಡ್ತು ಅಂತ ಲೆಕ್ಕ ಇಟ್ಟಿದ್ರಾ? ಅದು ಎದೆ ಹೇಗೆ ಹಿಡಿಯುತ್ತೆ ಅಂತ ಹತ್ತಿರ ಕೂತು ನೋಡಿದ್ರಾ? ಹೆಚ್ಚಿನ ಸಲ ಯಾರೂ ಯಾವುದನ್ನೂ ನೋಡಿರುವುದಿಲ್ಲ. ಅಳು ಕೇಳಿರುತ್ತಾರೆ, ಅಷ್ಟೆ.

ನಿಜಕ್ಕೂ ಹಾಲು ಕಡಿಮೆ ಇರುವ ತಾಯಂದಿರೂ ಇದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ನಾನು ಕಂಡ ಬಹುಪಾಲು ಮನೆಗಳಲ್ಲಿ ಹಾಲಿಗೇನೂ ಕೊರತೆ ಇರಲಿಲ್ಲ. ಪಕ್ಕದಲ್ಲಿ ಕೂತು ಮಗುವಿನ ಬಾಯಿ ನೋಡುವವರು ಒಬ್ಬರೂ ಇರಲಿಲ್ಲ.

ಗೊಂದಲ ಮೊದಲ ದಿನದಿಂದಲೇ ಶುರುವಾಗುತ್ತದೆ. ಹೆರಿಗೆಯಾದ ತಕ್ಷಣ ಬರುವುದು ದಪ್ಪಗಿನ ಹಳದಿ ಹಾಲು. ಹಿಂಡಿದರೆ ನಾಲ್ಕು ಹನಿ. ನೋಡಿದವರಿಗೆ "ಇಷ್ಟೇನಾ?" ಅನಿಸುತ್ತದೆ. ಆದರೆ ಮೊದಲ ದಿನ ಮಗುವಿಗೆ ಒಂದು ಹೊತ್ತಿಗೆ ಬೇಕಾಗಿರುವುದೂ ಅಷ್ಟೇ. ಅರ್ಧ ಚಮಚ, ಹೆಚ್ಚೆಂದರೆ ಎರಡು ಚಮಚ. ಕಾಯಿಲೆಯಿಂದ ಕಾಪಾಡುವ ಅಂಶಗಳೆಲ್ಲ ಅದರಲ್ಲಿ ದಟ್ಟವಾಗಿರುತ್ತವೆ. ಹೊಟ್ಟೆಯಲ್ಲಿರುವ ಕರಿ ಮಲ ಹೊರಗೆ ಹೋಗೋಕೂ ಅದರಿಂದ ಅನುಕೂಲ. "ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲು" ಅನ್ನೋರು ಈಗ ಕಡಿಮೆಯಾಗಿದ್ದಾರೆ, ಪೂರ್ತಿ ಹೋಗಿಲ್ಲ. ಹಸು ಕರು ಹಾಕಿದರೆ ಗಿಣ್ಣಕ್ಕೆ ಅಂತ ಬೀದಿಯವರೆಲ್ಲ ಪಾತ್ರೆ ಹಿಡಿದುಕೊಂಡು ಬರುತ್ತಾರೆ. ಮನುಷ್ಯರ ಗಿಣ್ಣು ಮಾತ್ರ ಅದು ಹೇಗೆ ಕೆಟ್ಟದಾಯಿತೋ!

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ ಹಾಗೆ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇಕಡ 42ರಷ್ಟು ಮಕ್ಕಳಿಗೆ. ಅದೇ ಸಮೀಕ್ಷೆಯಲ್ಲಿ ಆಸ್ಪತ್ರೆಯಲ್ಲಿ ಆದ ಹೆರಿಗೆಗಳು ಶೇಕಡ 89ರ ಹತ್ತಿರ. ಅಂದರೆ ಡಾಕ್ಟರು, ನರ್ಸು ಎಲ್ಲರೂ ಇದ್ದ ಕಡೆಯೇ ಆ ಮೊದಲ ಗಂಟೆ ಕೈ ತಪ್ಪಿ ಹೋಗುತ್ತಿದೆ. ಮಗುವನ್ನು ತೂಗಿ, ಸುತ್ತಿ, ಹೊರಗೆ ಕಾಯುವವರಿಗೆಲ್ಲ ತೋರಿಸಿ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಸಿಸೇರಿಯನ್ ಆದರಂತೂ ತಾಯಿ ವಾರ್ಡಿಗೆ ಬರುವ ಹೊತ್ತಿಗೆ ಯಾರೋ ಡಬ್ಬಿ ಹಾಲು ಕುಡಿಸಿ ಮಗುವನ್ನು ಮಲಗಿಸಿರುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಸಿಸೇರಿಯನ್‌ನಲ್ಲಿ ತಾಯಿಗೆ ಎಚ್ಚರ ಇರುತ್ತದೆ. ಇಬ್ಬರೂ ಚೆನ್ನಾಗಿದ್ದು, ಮಗುವನ್ನು ಹಿಡಿದುಕೊಳ್ಳೋಕೆ ಒಬ್ಬರಿದ್ದರೆ ಬೇಗನೇ ಎದೆಗೆ ಹಾಕಬಹುದು. ಹೆರಿಗೆಗೆ ಮುಂಚೆಯೇ ಡಾಕ್ಟರ ಹತ್ತಿರ ಇದನ್ನು ಮಾತಾಡಿಕೊಳ್ಳಿ. ಆ ದಿನ ಹೇಳೋಕೆ ಯಾರಿಗೂ ನೆನಪಿರುವುದಿಲ್ಲ.

ಎದೆ ತುಂಬಿ ಹಾಲು ಇಳಿಯೋದು ಎರಡರಿಂದ ನಾಲ್ಕು ದಿನದೊಳಗೆ. ಚೊಚ್ಚಲ ಹೆರಿಗೆ, ಸಿಸೇರಿಯನ್, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಸ್ವಲ್ಪ ತಡ ಆಗಬಹುದು. ಅಷ್ಟರಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ. ಮೂರು ಕಿಲೋ ಇದ್ದ ಮಗು ಇನ್ನೂರು ಗ್ರಾಂ ಕಡಿಮೆಯಾಯಿತು ಅಂದರೆ ಗಾಬರಿ ಬೇಡ. ಶೇಕಡ ಹತ್ತರ ಹತ್ತಿರಕ್ಕೆ ಹೋದರೆ ಡಾಕ್ಟರು ನೋಡಲೇಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬಂದರೆ ಸರಿ.

ಈ ನಡುವೆ ಬರುವ ಎರಡನೇ ರಾತ್ರಿ ಇದೆಯಲ್ಲ, ಅದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ಮೊದಲ ದಿನ ಪಾಪದ ಹಾಗೆ ಮಲಗಿದ್ದ ಮಗು ಆ ರಾತ್ರಿ ಎದೆ ಬಿಡುವುದಿಲ್ಲ. ಬಿಡಿಸಿದರೆ ಅಳು. ಮನೆಯವರಿಗೆ ನಿದ್ದೆ ಇಲ್ಲ. ಬೆಳಗಾಗುವಷ್ಟರಲ್ಲಿ ಯಾರಾದರೂ ಮೆಡಿಕಲ್ ಸ್ಟೋರಿಗೆ ಹೋಗಿ ಡಬ್ಬಿ ತಂದಿರುತ್ತಾರೆ. ಡಬ್ಬಿ ಹಾಲು ಕುಡಿದ ಮಗು ಮೂರು ಗಂಟೆ ಮಲಗುತ್ತದೆ. "ನೋಡಿದ್ಯಾ, ಹಸಿವಾಗಿತ್ತು" ಅಂತ ಎಲ್ಲರಿಗೂ ಸಮಾಧಾನ. ಆದರೆ ಆ ಮೂರು ಗಂಟೆ ಮಗು ಎದೆ ಚೀಪಲಿಲ್ಲ. ಎದೆ ಅನ್ನೋದು ಬಾವಿಯ ಹಾಗೆ, ಸೇದಿದಷ್ಟೂ ಒರತೆ. ಚೀಪಿದರೆ ಮೆದುಳಿನಿಂದ ಹಾಲು ಮಾಡುವ ಹಾರ್ಮೋನ್ ಬಿಡುಗಡೆಯಾಗುತ್ತದೆ. ರಾತ್ರಿ ಹೊತ್ತು ಅದು ಇನ್ನೂ ಜಾಸ್ತಿ. ಎದೆಯಲ್ಲಿ ಹಾಲು ಹಾಗೇ ಉಳಿದರೆ, ಇಷ್ಟು ಸಾಕು ಅಂತ ತಯಾರಿ ನಿಧಾನವಾಗುತ್ತದೆ. ಹೀಗೆ ನಾಲ್ಕು ದಿನ ಡಬ್ಬಿ ನಡೆದರೆ ಹಾಲು ನಿಜವಾಗಿಯೂ ಸಾಲದೇ ಹೋಗುತ್ತದೆ. ಅಂದವರ ಮಾತು ಹೀಗೆ ನಿಜ ಆಗೋದು.

ಎದೆ ಹಿಡಿಸುವ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮುಕ್ಕಾಲು ಪಾಲು ಕಷ್ಟ ಇರೋದೇ ಇಲ್ಲಿ ಅಂತ ನನ್ನ ಅಭಿಪ್ರಾಯ.

ತಿಪಟೂರಿನಲ್ಲಿ ನಮ್ಮ ಚಿಕ್ಕಮ್ಮನ ಮಗಳು ತವರಿಗೆ ಬಂದಿದ್ದಳು. ಎರಡು ತೊಟ್ಟೂ ಬಿರುಕು ಬಿಟ್ಟಿದ್ದವು. ಮಗು ಬಾಯಿ ಹಾಕಿದ ತಕ್ಷಣ ಕಣ್ಣಲ್ಲಿ ನೀರು. ನಾನು ಹೋದಾಗ ಮಂಚದ ಅಂಚಲ್ಲಿ ಕೂತು, ಮಗುವನ್ನು ತೊಡೆ ಮೇಲೆ ಅಂಗಾತ ಮಲಗಿಸಿಕೊಂಡು, ತಾನೇ ಬಗ್ಗಿ ಎದೆಯನ್ನು ಅದರ ಬಾಯಿಗೆ ಕೊಡುತ್ತಿದ್ದಳು. ಮಗುವಿನ ಮೈ ಸೂರು ನೋಡುತ್ತಿತ್ತು, ಕತ್ತು ಮಾತ್ರ ಪಕ್ಕಕ್ಕೆ ತಿರುಗಿತ್ತು.

"ನೀನು ಅಂಗಾತ ಮಲಗಿ ಕತ್ತು ಪಕ್ಕಕ್ಕೆ ತಿರುಗಿಸ್ಕೊಂಡು ಒಂದು ಲೋಟ ನೀರು ಕುಡಿ ನೋಡೋಣ," ಅಂದೆ.

"ಹೆಂಗಕ್ಕಾ ಆಗುತ್ತೆ?"

"ಅದಕ್ಕೂ ಆಗ್ತಿಲ್ಲ."

ಬೆನ್ನಿಗೆ ಎರಡು ದಿಂಬು ಕೊಟ್ಟು ಒರಗಿಸಿದೆ. ಕಾಲಿನ ಕೆಳಗೆ ಒಂದು ಮಣೆ. ತೊಡೆ ಮೇಲೆ ಒಂದು ದಿಂಬು, ಅದರ ಮೇಲೆ ಮಗು. ಮಗುವನ್ನು ಪೂರ್ತಿ ಅವಳ ಕಡೆಗೆ ತಿರುಗಿಸಿ, ಹೊಟ್ಟೆಗೆ ಹೊಟ್ಟೆ ತಾಗುವ ಹಾಗೆ ಇಟ್ಟೆವು. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು. ಕೈ ಹಿಡಿಯಬೇಕಾದ್ದು ಕತ್ತಿನ ಬುಡ ಮತ್ತು ಬೆನ್ನನ್ನು. ತಲೆಯ ಹಿಂಭಾಗ ಹಿಡಿದು ಎದೆಗೆ ಒತ್ತಿದರೆ ಮಗು ಸಿಟ್ಟಿನಿಂದ ಹಿಂದಕ್ಕೆ ಸೆಟೆಯುತ್ತದೆ. ಮಗುವಿನ ಮೂಗಿನ ಎದುರಿಗೆ ತೊಟ್ಟು ಬರುವ ಹಾಗೆ ಹಿಡಿದು, ಮೇಲ್ದುಟಿಗೆ ತೊಟ್ಟನ್ನು ಸವರಿ ಕಾಯಬೇಕು. ಈ ಕಾಯುವುದೇ ಕಷ್ಟ. ಮಗು ಸ್ವಲ್ಪ ಬಾಯಿ ತೆರೆದರೆ ಸಾಕು, ಸುತ್ತ ನಿಂತವರು "ಹಾಕು ಹಾಕು" ಅನ್ನುತ್ತಾರೆ. ಅಷ್ಟು ಸಾಲದು. ಆಕಳಿಸುವಾಗ ತೆರೆದಷ್ಟು ದೊಡ್ಡದಾಗಿ ತೆರೆಯಬೇಕು. ತೆರೆದ ಆ ಒಂದು ಗಳಿಗೆಗೆ ಮಗುವನ್ನು ಎದೆಗೆ ತರಬೇಕು. ಎದೆಯನ್ನು ಮಗುವಿನ ಹತ್ತಿರ ಒಯ್ಯೋದಲ್ಲ.

ಎರಡು ಸಲ ಸಣ್ಣ ಬಾಯಲ್ಲೇ ಹಿಡಿಯಿತು. ಎಳೆದು ಬಿಡಿಸಬೇಡ ಅಂದೆ, ತೊಟ್ಟು ಹರಿಯೋದೇ ಹಾಗೆ. ಶುದ್ಧ ಮಾಡಿದ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿದರೆ ಹಿಡಿತ ಪಟ್ ಅಂತ ಬಿಡುತ್ತದೆ. ಮತ್ತೆ ಕಾದಳು. ಆಮೇಲೆ ದೊಡ್ಡದಾಗಿ ತೆರೆಯಿತು. ಗದ್ದ ಎದೆಗೆ ಒತ್ತಿಕೊಂಡಿತು, ಮೂಗು ಮಾತ್ರ ಬಿಡುವಾಗಿತ್ತು. ಕೆಳದುಟಿ ಹೊರಕ್ಕೆ ಮಗುಚಿಕೊಂಡಿತು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲೆ ಸ್ವಲ್ಪ ಕಾಣುತ್ತಿತ್ತು, ಕೆಳಗೆ ಏನೂ ಕಾಣುತ್ತಿರಲಿಲ್ಲ. ಕೆನ್ನೆ ಗುಳಿ ಬೀಳದೆ ಉಬ್ಬಿಕೊಂಡೇ ಇತ್ತು. ಮೊದಲು ಪಟಪಟ ಚೀಪಿತು. ಸ್ವಲ್ಪ ಹೊತ್ತಿಗೆ ಚೀಪುವುದು ನಿಧಾನವಾಯಿತು, ಆಳವಾಯಿತು. ಪ್ರತಿ ಸಲ ಗಂಟಲಲ್ಲಿ ಸಣ್ಣದಾಗಿ "ಕ್" ಅಂತ ಸದ್ದು. ಬಾಗಿಲ ಹತ್ತಿರ ಕೂತು ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದ ಚಿಕ್ಕಮ್ಮ ಕೈ ನಿಲ್ಲಿಸಿ ಕೇಳಿದರು, "ಅದು ನುಂಗೋ ಸದ್ದೇನೇ?" ಹೌದು, ಅದೇ. ಬಾಣಂತಿ ಕೋಣೆಯಲ್ಲಿ ಕಿವಿಗೊಡಬೇಕಾದ್ದು ಅದಕ್ಕೆ.

ಮೊದಲ ವಾರ ಹಿಡಿದ ಕ್ಷಣಕ್ಕೆ ಒಂಚೂರು ನೋವಾಗಬಹುದು. ಕುಡಿಯುವಷ್ಟು ಹೊತ್ತೂ ನೋವಿದ್ದರೆ ಹಿಡಿತ ಸರಿಯಿಲ್ಲ. "ಮೊದಮೊದಲು ಹಂಗೇ, ಹಲ್ಲು ಕಚ್ಚಿಕೊಂಡು ತಡ್ಕೊ" ಅನ್ನುವ ಮಾತು ಕೇಳಬೇಡಿ. ಕುಡಿದಾದ ಮೇಲೆ ತಮ್ಮ ಹಾಲನ್ನೇ ಎರಡು ಹನಿ ತೊಟ್ಟಿಗೆ ಸವರಿ ಗಾಳಿಗೆ ಬಿಟ್ಟರೆ ಸಣ್ಣ ಬಿರುಕು ವಾಸಿಯಾಗುತ್ತದೆ. ಸಿಸೇರಿಯನ್ ಆದವರಿಗೆ ಹೊಲಿಗೆಯ ಮೇಲೆ ಭಾರ ಬೀಳದ ಹಾಗೆ ಒಂದು ಮಗ್ಗುಲಲ್ಲಿ ಮಲಗಿ ಕುಡಿಸೋದು ಸುಲಭ. ಇಲ್ಲದಿದ್ದರೆ ಮಗುವಿನ ಕಾಲು ಹಿಂದಕ್ಕೆ ಹೋಗುವ ಹಾಗೆ ಕಂಕುಳಲ್ಲಿ ಇರುಕಿಕೊಂಡು ಕುಡಿಸಬಹುದು. ಎದೆ ಸಣ್ಣದು, ದೊಡ್ಡದು ಅನ್ನುವುದಕ್ಕೂ ಹಾಲಿಗೂ ಸಂಬಂಧವಿಲ್ಲ. ತೊಟ್ಟು ಒಳಗೆ ಹೋಗಿದ್ದರೂ ಎಷ್ಟೋ ಮಕ್ಕಳು ಚೆನ್ನಾಗಿ ಹಿಡಿಯುತ್ತವೆ, ಯಾಕೆಂದರೆ ಅವು ಕುಡಿಯೋದು ಎದೆಯಿಂದ, ಬರೀ ತೊಟ್ಟಿನಿಂದಲ್ಲ.

ಅತ್ತರೆ ತಾನೇ ಹಾಲು ಕೊಡೋದು ಅನ್ನುವ ಗಾದೆ ನಮ್ಮಲ್ಲಿದೆ. ಆಫೀಸಿನಲ್ಲಿ ಸಂಬಳ ಜಾಸ್ತಿ ಕೇಳೋಕೆ ಅದು ಸರಿ. ಹಸುಗೂಸಿಗೆ ಸರಿಯಲ್ಲ. ಅಳು ಹಸಿವಿನ ಕೊನೆಯ ಗುರುತು. ಅದಕ್ಕೆ ಮುಂಚೆ ಮಗು ಮೈ ಮುರಿಯುತ್ತೆ, ತುಟಿ ಚಪ್ಪರಿಸುತ್ತೆ, ಕೈ ಬಾಯಿಗೆ ಒಯ್ಯುತ್ತೆ, ಕೆನ್ನೆಗೆ ಏನು ತಾಗಿದರೂ ಅತ್ತ ಬಾಯಿ ತಿರುಗಿಸುತ್ತೆ. ಆಗಲೇ ಎದೆಗೆ ಹಾಕಬೇಕು. ರೊಚ್ಚಿಗೆದ್ದು ಅಳುವ ಮಗುವಿಗೆ ನಾಲಿಗೆ ಮೇಲಕ್ಕೆ ಅಂಟಿಕೊಂಡಿರುತ್ತದೆ. ಹಿಡಿಯೋಕೆ ಬರುವುದಿಲ್ಲ. ಮೊದಲು ಹೆಗಲಿಗೆ ಹಾಕಿ ಸಮಾಧಾನ ಮಾಡಿ, ಆಮೇಲೆ ಕೊಡಬೇಕು. ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಕುಡಿಸೋದು ಮಾಮೂಲು. ಗಡಿಯಾರ ನೋಡಿ ಮೂರು ಗಂಟೆಗೊಮ್ಮೆ ಅಂತ ಇಟ್ಟುಕೊಳ್ಳಬೇಡಿ. ಸಂಜೆ ಹೊತ್ತು ಕೆಲವು ಮಕ್ಕಳು ಬಿಟ್ಟು ಬಿಟ್ಟು ಗಂಟೆಗಟ್ಟಲೆ ಕುಡಿಯುತ್ತವೆ. ಎರಡು ಮೂರು ವಾರಕ್ಕೆ, ಮತ್ತೆ ಆರು ವಾರದ ಆಸುಪಾಸು ಒಂದೆರಡು ದಿನ ಇದ್ದಕ್ಕಿದ್ದಂತೆ ಹಸಿವು ಜಾಸ್ತಿಯಾಗುತ್ತದೆ. ಆಗಲೇ ಮತ್ತೆ ಶುರು, "ಹಾಲು ಸಾಲ್ತಿಲ್ಲ."

ಸಾಲುತ್ತಿದೆಯೋ ಇಲ್ಲವೋ ತಿಳಿಯೋಕೆ ಕೆಳಗಡೆ ನೋಡಿ. ಮೊದಲ ದಿನ ಒಂದು ಸಲ ಉಚ್ಚೆ, ಎರಡನೇ ದಿನ ಎರಡು, ಹೀಗೆ ಏರುತ್ತಾ ಐದಾರು ದಿನವಾದ ಮೇಲೆ 24 ಗಂಟೆಯಲ್ಲಿ ಆರು ಅಥವಾ ಹೆಚ್ಚು. ಬಣ್ಣ ತಿಳಿಯಾಗಿರಬೇಕು. ಕರಿ ಮಲ ನಾಲ್ಕೈದು ದಿನದೊಳಗೆ ಹಸಿರಾಗಿ, ಆಮೇಲೆ ಸಾಸಿವೆ ಹಳದಿಗೆ ತಿರುಗಬೇಕು. ಡೈಪರ್ ಹಾಕಿದರೆ ಈ ಲೆಕ್ಕ ತಪ್ಪುತ್ತದೆ, ಎಷ್ಟು ಸಲ ಮಾಡಿತು ಅಂತ ಗೊತ್ತೇ ಆಗಲ್ಲ. ಮೊದಲ ಎರಡು ವಾರವಾದರೂ ಹಗಲು ಹೊತ್ತು ಹಳೇ ಪಂಚೆಯ ಬಟ್ಟೆ ಕಟ್ಟಿ ಅನ್ನುತ್ತೇನೆ ನಾನು. ಒಗೆಯುವ ಕೆಲಸ ಮಗುವಿನ ಅಪ್ಪನಿಗೆ. ಎರಡು ವಾರದ ನಂತರ ದಿನಕ್ಕೆ 20ರಿಂದ 30 ಗ್ರಾಂ ತೂಕ ಏರುತ್ತಿದ್ದರೆ, ಎಷ್ಟಾದರೂ ಅಳಲಿ, ಹಾಲು ಸಾಲುತ್ತಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು ಅಂತ ನಿಯಮವಿದೆ. ತಕ್ಕಡಿ ತರುತ್ತಾರೆ. ಬರದಿದ್ದರೆ ಕರೆಯಿರಿ. ಅವರಿಗೆ ಚಹಾ ಕೊಟ್ಟು ಕಳಿಸುವ ಮುಂಚೆ ಒಂದು ಸಲ ಕುಡಿಸುವುದನ್ನೂ ನೋಡಿ ಅಂತ ಕೇಳಿ.

ಮೊದಲ ಕೆಲವು ದಿನ ಕಳೆದ ಮೇಲೂ ಆರೆಂಟು ಗಂಟೆ ಉಚ್ಚೆಯೇ ಇಲ್ಲ, ಕುಡಿಯೋಕೂ ಏಳದಷ್ಟು ಮಂಪರು, ಅಂಗಾಲಿನವರೆಗೆ ಹಳದಿ, ಜ್ವರ ಅಥವಾ ಮೈ ತಣ್ಣಗಾಗುವುದು, ಇದರಲ್ಲಿ ಯಾವುದು ಕಂಡರೂ ಯಾರ ಸಲಹೆಯೂ ಬೇಡ, ನನ್ನದೂ ಬೇಡ. ನೇರ ಆಸ್ಪತ್ರೆ.

ಹಾಲು ಇಳಿದ ದಿನ ಎದೆ ಕಲ್ಲಾಗುತ್ತದೆ. ಕಪ್ಪು ಭಾಗ ಬಿಗಿದು ಮಗುವಿನ ಬಾಯಿಗೆ ಸಿಗುವುದೇ ಇಲ್ಲ. ಆಗ ಬೆರಳ ತುದಿಗಳನ್ನು ತೊಟ್ಟಿನ ಸುತ್ತ ಇಟ್ಟು ಒಂದು ನಿಮಿಷ ಒಳಕ್ಕೆ ಮೆಲ್ಲಗೆ ಒತ್ತಿ ಹಿಡಿದರೆ ಆ ಜಾಗ ಮೆತ್ತಗಾಗುತ್ತದೆ. ಸ್ವಲ್ಪ ಹಾಲು ಹಿಂಡಿ, ತಕ್ಷಣ ಹಿಡಿಸಿ. ಕುಡಿಸಿದ ಮೇಲೆ ತಣ್ಣನೆ ಬಟ್ಟೆ ಇಡಿ. ಎಣ್ಣೆ ಹಚ್ಚಿ ಗಂಟು ಕರಗೋವರೆಗೆ ತಿಕ್ಕುವವರಿದ್ದಾರೆ, ಹಾಗೆ ತಿಕ್ಕೋಕೆ ಬಿಡಬೇಡಿ. ಜೋರಾಗಿ ಉಜ್ಜಿದರೆ ಬಾವು ಹೆಚ್ಚಾಗುತ್ತದೆ ಅಂತ ಈಗ ಡಾಕ್ಟರುಗಳು ಸ್ಪಷ್ಟವಾಗಿ ಹೇಳುತ್ತಾರೆ. ಒಂದು ಕಡೆ ಕೆಂಪಾಗಿ, ಮುಟ್ಟಿದರೆ ಸುಡುತ್ತಾ, ಚಳಿ ಜ್ವರ ಬಂದು ಒಂದು ದಿನದಲ್ಲಿ ಇಳಿಯದಿದ್ದರೆ ಔಷಧಿ ಬೇಕು. ಆಗಲೂ ಆ ಎದೆಯಲ್ಲಿ ಕುಡಿಸಬಹುದು, ಮಗುವಿಗೆ ಏನೂ ಆಗುವುದಿಲ್ಲ. ಯಾವ ಮಾತ್ರೆ ಬರೆದುಕೊಟ್ಟರೂ "ನಾನು ಹಾಲು ಕುಡಿಸ್ತಿದೀನಿ" ಅಂತ ಮೊದಲು ಹೇಳಿ.

ಬಾಣಂತನದ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗಂಡ ಹೆಂಡತಿ ಇಬ್ಬರೇ ಹಸುಗೂಸನ್ನು ಇಟ್ಟುಕೊಂಡು ಒದ್ದಾಡುವುದನ್ನು ನೋಡಿದ ಮೇಲೆ ಅದು ಇನ್ನೂ ಜಾಸ್ತಿಯಾಗಿದೆ. ಬೇರೆ ಯಾವ ಕೆಲಸವೂ ಇಲ್ಲದೆ, ಹೊತ್ತಿಗೆ ಬಿಸಿ ಊಟ, ಬಿಸಿ ನೀರು, ಮಗು ಪಕ್ಕದಲ್ಲೇ. ಹಾಲು ಹೆಚ್ಚೋಕೆ ಇದಕ್ಕಿಂತ ಒಳ್ಳೇ ಏರ್ಪಾಡು ಯಾವ ಆಸ್ಪತ್ರೆಯಲ್ಲೂ ಇಲ್ಲ. ಧಾರವಾಡದ ಕಡೆಯ ಗೆಳತಿಯ ಮನೆಯಿಂದ ಬಂದ ಅಂಟಿನ ಉಂಡೆ, ಅಳವಿ ಪಾಯಸದ ರುಚಿ ನನಗಿನ್ನೂ ನೆನಪಿದೆ. ಸಬ್ಬಸಿಗೆ, ಬೆಳ್ಳುಳ್ಳಿ, ಮೆಂತ್ಯದಿಂದ ಹಾಲು ಉಕ್ಕುತ್ತದೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಆದರೆ ತಿನ್ನೋಕೇನು, ತಿನ್ನಿ. ಹಾಲು ಕುಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಅಂದರೆ ಇನ್ನೊಂದು ಊಟ. ಹಾಗಿರುವಾಗ ತರಕಾರಿ ನಂಜು, ಹಣ್ಣು ಶೀತ, ಬೇಳೆ ವಾಯು ಅಂತ ಅನ್ನಕ್ಕೆ ಮೆಣಸಿನ ಸಾರು ಮಾತ್ರ ಬಡಿಸುವ ಪಥ್ಯ ನನಗೆ ಅರ್ಥವಾಗುವುದಿಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತೆ ಅನ್ನೋದು ಇನ್ನೊಂದು. ಮಗು ಎದೆಗೆ ಬಾಯಿ ಹಾಕಿದ ಕೂಡಲೇ ತಾಯಿಗೆ ಬಾಯಾರುತ್ತದೆ. ಪಕ್ಕದಲ್ಲಿ ಒಂದು ಚೊಂಬು ನೀರಿಡಿ.

ಮಗುವಿಗೆ ಕುಡಿಸೋಕೆ ಬಳಸುವ, ಮೂತಿ ಇರುವ ಪುಟ್ಟ ಬಟ್ಟಲು ಒಳಲೆ. ಅದರ ಕಥೆ ಬೇರೆ. ನಮ್ಮ ಅಜ್ಜಿಯರ ಬೆಳ್ಳಿ ಒಳಲೆ ಈಗ ಸ್ಟೀಲಿನ ವೇಷ ಹಾಕಿಕೊಂಡು ದೊಡ್ಡ ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕ ಸೇರಿದೆ. ತಿಂಗಳು ತುಂಬದೆ ಹುಟ್ಟಿದ, ಎದೆ ಚೀಪೋಕೆ ಶಕ್ತಿಯಿಲ್ಲದ ಮಕ್ಕಳಿಗೆ ತಾಯಿಯ ಹಾಲನ್ನು ಹಿಂಡಿ ಅದರಲ್ಲೇ ಕುಡಿಸುತ್ತಾರೆ. ಬಾಟಲಿಗಿಂತ ತೊಳೆಯೋಕೆ ಸುಲಭ, ಕುದಿಸೋಕೂ ಸುಲಭ. ಆದರೆ ಮಗು ಎಚ್ಚರವಿರಬೇಕು, ತಲೆ ಎತ್ತರದಲ್ಲಿರಬೇಕು, ಮೂತಿಯನ್ನು ತುಟಿಯ ಮೂಲೆಗಿಟ್ಟು ನುಂಗಿದ ಮೇಲೇ ಇನ್ನಷ್ಟು ಬಿಡಬೇಕು. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಹರಳೆಣ್ಣೆಯನ್ನೋ ಬಜೆ ತೇಯ್ದ ನೀರನ್ನೋ ಗಂಟಲಿಗೆ ಸುರಿಯುವುದು ಅದೇ ಒಳಲೆಯ ಇನ್ನೊಂದು ಮುಖ. ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಜೇನುತುಪ್ಪ ವರ್ಷ ತುಂಬುವವರೆಗೆ ಮುಟ್ಟಿಸಲೂಬಾರದು, ಬಾಟುಲಿಸಂ ಎನ್ನುವ ಅಪರೂಪದ ಆದರೆ ಭಯಂಕರವಾದ ಕಾಯಿಲೆ ಬರಬಹುದು. ಕತ್ತೆ ಹಾಲಿನವರು ಬೆಂಗಳೂರಿನ ಬೀದಿಗಳಲ್ಲಿ ಈಗಲೂ ಕತ್ತೆ ಹೊಡೆದುಕೊಂಡು ಕೂಗುತ್ತಾ ಬರುತ್ತಾರೆ. ಬಾಗಿಲಲ್ಲೇ ಕರೆದು ಕೊಡುವ ಆ ಒಂದು ಗುಟುಕು ಹಸಿ ಹಾಲಿಗೆ ಜನ ಲೀಟರ್ ಹಸುವಿನ ಹಾಲಿಗಿಂತ ಜಾಸ್ತಿ ದುಡ್ಡು ಕೊಡುತ್ತಾರೆ. ಕಾಯಿಸದ ಹಾಲು, ಹಸುಗೂಸಿಗೆ. ಬೇಡ.

ಇನ್ನೊಂದು, ಮಗುವಿಗೆ ನೀರು ಎರೆಯೋ ಅಜ್ಜಿಗೆ ಮೊದಲೇ ಹೇಳಿಡಬೇಕಾದ್ದು. ಹುಟ್ಟಿದ ಮಕ್ಕಳ ಎದೆ ಕೆಲವೊಮ್ಮೆ ಊದಿಕೊಂಡಿರುತ್ತದೆ, ಗಂಡು ಮಗುವಿಗೂ. ತಾಯಿಯ ಹಾರ್ಮೋನ್ ಮಗುವಿಗೆ ಬಂದದ್ದರಿಂದ ಹಾಗಾಗುತ್ತೆ, ತಾನಾಗೇ ಇಳಿಯುತ್ತೆ. ನೀರು ಹಾಕುವಾಗ ಅದನ್ನು ಹಿಂಡಿ ಹಾಲು ತೆಗೆಯುತ್ತಾರೆ. ಹಿಂಡಿದರೆ ಕೀವು ತುಂಬಬಹುದು. "ನಾನು ನೂರು ಮಕ್ಳಿಗೆ ಹಾಕಿದೀನಿ ಬಿಡವ್ವ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. "ಡಾಕ್ಟ್ರು ಬೈತಾರೆ ಅಜ್ಜಿ" ಅಂತ ಡಾಕ್ಟರ ಮೇಲೆ ಹಾಕಿಬಿಡಿ, ಜಗಳ ಇರಲ್ಲ.

ಈಗ ನಿಜವಾಗಿ ಹಾಲು ಕಡಿಮೆ ಇರುವವರ ಮಾತು. ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿರುವುದು, ಹೆರಿಗೆಯ ಕಸ (ಮಾಸು) ಚೂರು ಒಳಗೇ ಉಳಿದಿರುವುದು, ಹಿಂದೆ ಎದೆಯ ಆಪರೇಷನ್ ಆಗಿರುವುದು, ಎದೆಯಲ್ಲಿ ಹಾಲಿನ ಗ್ರಂಥಿಗಳೇ ಸರಿಯಾಗಿ ಬೆಳೆಯದಿರುವುದು, ಇಂಥ ಕಾರಣಗಳಿರುತ್ತವೆ. ಹಿಡಿತ ಸರಿಯಿದ್ದು, ಪದೇ ಪದೇ ಕುಡಿಸಿಯೂ ತೂಕ ಏರದಿದ್ದರೆ ಇವನ್ನು ಪರೀಕ್ಷೆ ಮಾಡಿಸಬೇಕು. ಕೆಲವಕ್ಕೆ ಚಿಕಿತ್ಸೆ ಇದೆ. ಅಲ್ಲಿಯವರೆಗೆ ಮಗು ಹಸಿದಿರಬಾರದು. ಡಾಕ್ಟರು ಹೇಳಿದಷ್ಟು ಡಬ್ಬಿ ಹಾಲು ಕೊಡಿ, ಎದೆಗೆ ಹಾಕಿದ ನಂತರ ಕೊಡಿ, ಒಳಲೆ ಅಥವಾ ಲೋಟದಲ್ಲಿ ಕೊಡಿ. ಡಬ್ಬಿ ಬೇಗ ಖಾಲಿಯಾಗುತ್ತೆ ಅಂತ ಅಳತೆ ತೆಳು ಮಾಡಬೇಡಿ. ವರ್ಷದೊಳಗೆ ಅದರ ಬದಲು ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವುದೂ ಬೇಡ. ಡಬ್ಬಿ ಹಾಲು ಕೊಟ್ಟ ತಾಯಿಯನ್ನು ಕಂಡು ಮೂಗು ಮುರಿಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬೇಡದ ಕಡೆ ಡಬ್ಬಿ ತಂದುಕೊಟ್ಟವರೇ ಆಮೇಲೆ ಮೂಗು ಮುರಿಯೋದು ಅನ್ನೋದು ಇನ್ನೂ ತಮಾಷೆ. ನಮ್ಮಲ್ಲಿ 1992ರ ಒಂದು ಕಾನೂನಿದೆ. ಶಿಶುಗಳ ಹಾಲಿನ ಪುಡಿಗೆ, ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಸ್ಯಾಂಪಲ್ ಹಂಚುವಂತಿಲ್ಲ. ಟಿವಿಯಲ್ಲಿ ಅಂಥ ಜಾಹೀರಾತು ಕಾಣದಿರೋದು ಅದಕ್ಕೇ. ಆ ಜಾಹೀರಾತಿನ ಕೆಲಸವನ್ನು ನಾವೇ ನೆಂಟರು ಬಿಟ್ಟಿಯಾಗಿ ಮಾಡುತ್ತಿದ್ದೇವೆ.

ತುಂಬ ಸಣ್ಣದಾಗಿ, ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ತಾಯಿಯ ಹಾಲು ಸಿಗದಿದ್ದರೆ, ಬೇರೆ ತಾಯಂದಿರು ಕೊಟ್ಟ ಎದೆಹಾಲಿನ ಬ್ಯಾಂಕ್ ಇದೆಯಾ ಅಂತ ಆಸ್ಪತ್ರೆಯಲ್ಲಿ ಕೇಳಿ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಇಂಥದ್ದು ಶುರುವಾಯಿತು, ಏಷ್ಯಾದಲ್ಲೇ ಮೊದಲು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ.

ತಾಯಿಯ ಮನಸ್ಸಿನ ವಿಷಯ ಎರಡೇ ಮಾತು. ಮೊದಲ ವಾರ ಸುಮ್ನೆ ಸುಮ್ನೆ ಅಳು ಬರುವುದು ಸಹಜ. ಎರಡು ವಾರ ದಾಟಿದರೂ ಮಂಕು ಹೋಗದಿದ್ದರೆ, ಮಗುವನ್ನು ನೋಡೋಕೇ ಮನಸ್ಸಾಗದಿದ್ದರೆ, ಬದುಕೇ ಬೇಡ ಅನಿಸಿದರೆ ಡಾಕ್ಟರಿಗೆ ಹೇಳಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ದೃಷ್ಟಿ ತೆಗೆಯುತ್ತಾ ಕೂರಬೇಡಿ.

ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯಲ್ಲಿ ನೀರೂ ಬೇಡ. ಡಾಕ್ಟರು ಬರೆದ ವಿಟಮಿನ್ ಡಿ ಹನಿ ಮಾತ್ರ ತಪ್ಪಿಸಬೇಡಿ. ಆಮೇಲೆ ರಾಗಿ ಸರಿ ಶುರು ಮಾಡಿ, ಎದೆಹಾಲನ್ನೂ ಎರಡು ವರ್ಷ ಅಥವಾ ಇನ್ನೂ ಹೆಚ್ಚು ದಿನ ಮುಂದುವರಿಸಬಹುದು. "ಹಾಲು ಕುಡಿಸೋವರೆಗೂ ಮತ್ತೆ ಬಸಿರಾಗಲ್ಲ" ಅಂತ ನಂಬಿ ಕೂರಬೇಡಿ. ಮಗುವಿಗೆ ಆರು ತಿಂಗಳಾಗಿರಬಾರದು, ಹಗಲು ರಾತ್ರಿ ಬರೀ ಎದೆಹಾಲೇ ಇರಬೇಕು, ಮುಟ್ಟು ಮತ್ತೆ ಶುರುವಾಗಿರಬಾರದು. ಮೂರೂ ಕೂಡಿದರೆ ಮಾತ್ರ ಆ ಮಾತು ಬಹುಮಟ್ಟಿಗೆ ನಿಜ.

ಕೆಲಸಕ್ಕೆ ವಾಪಸ್ ಹೋಗುವವರು ಎರಡು ವಾರ ಮುಂಚೆಯೇ ಹಿಂಡುವ ಅಭ್ಯಾಸ ಮಾಡಿಕೊಳ್ಳಿ. ಪಂಪ್ ಬೇಕೇ ಬೇಕು ಅಂತಿಲ್ಲ. ಕಪ್ಪು ಭಾಗದ ಅಂಚಿನ ಹೊರಗೆ ಹೆಬ್ಬೆರಳು, ಎದುರಿಗೆ ತೋರುಬೆರಳು ಇಟ್ಟು, ಹಿಂದಕ್ಕೆ ಎದೆಗೂಡಿನ ಕಡೆ ಒತ್ತಿ, ಆಮೇಲೆ ಎರಡೂ ಬೆರಳು ಸೇರಿಸಿ ಹಿಂಡಿ ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಿಸಬಾರದು. ಮೊದಲ ಎರಡು ಮೂರು ನಿಮಿಷ ಏನೂ ಬರದಿದ್ದರೆ ನಿಲ್ಲಿಸಬೇಡಿ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ, ಅದೂ ಕೋಣೆ 25 ಡಿಗ್ರಿ ಒಳಗಿದ್ದರೆ. ನಮ್ಮ ಏಪ್ರಿಲ್ ಬಿಸಿಲಿಗೆ ಆ ಲೆಕ್ಕ ಹಿಡಿಯುವುದಿಲ್ಲ, ತಕ್ಷಣ ಫ್ರಿಜ್ಜಿಗಿಡಿ. ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ, ಬಾಗಿಲಲ್ಲಿ ಬೇಡ. ಡಬ್ಬದ ಮೇಲೆ ತಾರೀಖು ಬರೆಯಿರಿ. ಬಿಸಿ ನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆ ಮೇಲಿಟ್ಟು ಕಾಯಿಸಬೇಡಿ, ಮೈಕ್ರೋವೇವ್ ಬೇಡವೇ ಬೇಡ. ಇಟ್ಟ ಹಾಲಲ್ಲಿ ಕೆನೆ ಬೇರೆಯಾಗಿ ಮೇಲೆ ನಿಂತಿದ್ದರೆ ಕೆಟ್ಟಿದೆ ಅಂತ ಚೆಲ್ಲಬೇಡಿ, ಮೆಲ್ಲಗೆ ಅಲ್ಲಾಡಿಸಿದರೆ ಕೂಡಿಕೊಳ್ಳುತ್ತದೆ.

ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲು ಕುಡಿಸೋಕೆ ದಿನಕ್ಕೆ ಎರಡು ಬಿಡುವು ಕೊಡಬೇಕು. ಗಾರ್ಮೆಂಟ್ಸ್ ಹುಡುಗಿಯರಿಗೂ ಇದೇ ಕಾನೂನು. ಮನೆಗೆಲಸಕ್ಕೆ, ಕೂಲಿಗೆ ಹೋಗುವವರ ಕೈಗೆ ಮಾತ್ರ ಇದ್ಯಾವುದೂ ಸಿಗುವುದಿಲ್ಲ.

ತಿಪಟೂರಿನ ನಮ್ಮ ಹುಡುಗಿ ಬೆಂಗಳೂರಿನ ಆಫೀಸಿಗೆ ವಾಪಸ್ ಹೋದ ಮೊದಲ ವಾರ ಟಾಯ್ಲೆಟ್ಟಿನಲ್ಲಿ ನಿಂತು ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಕೇಳೋಕೆ ನಾಚಿಕೆ ಆಗುತ್ತೆ ಅಕ್ಕಾ ಅಂದಳು. ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಬರೆಯೋಣ ಅಂತ ಫೋನಿನಲ್ಲೇ ಕೂತು ಬರೆದೆವು. ಕೋಣೆ ಕೊಟ್ಟರು. ಹಳೇ ಪ್ರಿಂಟರುಗಳನ್ನು ತುಂಬಿಟ್ಟಿದ್ದ ಕೋಣೆ, ಆದರೂ ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್ ಇತ್ತು. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಅದಕ್ಕೆ ಇನ್ನೊಂದು ಮೇಲ್.